ಮೇಜಿನ ಮೇಲೆ ತಿರುಗಿಸಿದ ದಾರಿ

ಈ ಬಂಡೆಯನ್ನು ತಾನು ಮೊದಲು ನೋಡಿದ್ದೇನೋ ಇಲ್ಲವೋ ಎಂಬುದೇ ಅವನಿಗೆ ತಿಳಿಯಲಿಲ್ಲ. ನೋಡಿರಲೇಬೇಕು. ಮೂರು ವರ್ಷದ ಹಿಂದೆ ಇದೇ ಸುತ್ತುದಾರಿಯನ್ನು ಹೆಜ್ಜೆ ಎಣಿಸಿಕೊಂಡು ನಡೆದು, ಕಂಡದ್ದನ್ನೆಲ್ಲ ಬರೆದುಕೊಂಡವನು ಅವನೇ. 'ಕುಳಿತ ಹಸುವಿನಂತೆ ಕಾಣುವ ಬಂಡೆ' ಎಂದು ಕರಪತ್ರದಲ್ಲಿ ಅಚ್ಚಾಗಿದೆ, ಅವನದೇ ವಾಕ್ಯ. ಈಗ ಎದುರಿಗೆ ನಿಂತದ್ದು ಯಾವ ದಿಕ್ಕಿನಿಂದಲೂ ಹಸುವಿನ ಹಾಗಿರಲಿಲ್ಲ, ಬರೀ ಬಂಡೆ. ದಾಟಿ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಅಯ್ಯೋ, ಹಸು! ಕೊಂಬು ಬೇರೆ. ಅವನು ಅವಸರವಾಗಿ ಮುಖ ತಿರುಗಿಸಿಕೊಂಡ, ಭಾವ ನೋಡಿಬಿಟ್ಟರೇನೋ ಎಂದು. ಭಾವ ನೋಡಿರಲಿಲ್ಲ. ಕೋಲೂರಿಕೊಂಡು, ಕರಪತ್ರವನ್ನು ನಾಲ್ಕಾಗಿ ಮಡಿಸಿ ಎಡಗೈಯಲ್ಲಿ ಹಿಡಿದುಕೊಂಡು, ಮುಂದೆ ಮುಂದೆ ಹೋಗುತ್ತಿದ್ದರು. ಎರಡೂ ಕಡೆ ಮೊಣಕಾಲೆತ್ತರದ ಕುರುಚಲು ಗಿಡ, ಗುಡ್ಡದ ಮೇಲೆ ಗುಡ್ಡ, ಕಣ್ಣು ಹೋದಲ್ಲೆಲ್ಲ ನೇರಳೆ ಬಣ್ಣದ ಪುಟ್ಟ ಪುಟ್ಟ ಹೂವು, ಅದರೊಳಗೆ ಜೇನುಹುಳುಗಳ ಒಂದೇ ಸಮನೆ ಗುಂಯ್. ಜನ ಇದನ್ನು ನೋಡಲು ದೂರದೂರದಿಂದ ಬರುತ್ತಾರೆ. ಅವನಿಗೆ ಭಾವನ ಕೋಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ಕೋಟಿನ ಒಳಜೇಬಿಗೆ ಅಕ್ಕ ಒಂದು ಚೀಟಿಯನ್ನು ಪಿನ್ನು ಹಾಕಿ ಚುಚ್ಚಿದ್ದಾಳೆ. ಹೆಸರು, ಮನೆ ವಿಳಾಸ, ಫೋನ್ ನಂಬರು, ಕೆಳಗೆ 'ದಯವಿಟ್ಟು ತಿಳಿಸಿ'. ಕಳೆದುಹೋಗುವ ಕೊಡೆಗೆ ಅಂಟಿಸುವ ಹಾಗೆ. ಛೆ, ಅರವತ್ತೆಂಟು ವರ್ಷದ ಮನುಷ್ಯನಿಗೆ! ಛೆ ಎಂದುಕೊಂಡ ಕೂಡಲೇ ತನ್ನ ಮೇಲೇ ಹೇಸಿಗೆಯಾಯಿತು. ಚೀಟಿ ಚುಚ್ಚಿದವಳು ಅಕ್ಕ. ಚುಚ್ಚುವ ಹಾಗೆ ಮಾಡಿದವನು ತಾನು. ಅದು ಈ ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಕಚೇರಿಯಲ್ಲಿ ಅವನದು ದಾರಿ ಬರೆಯುವ ಕೆಲಸ. ಸುತ್ತಾಡಲು ಬರುವವರಿಗೆ ಕರಪತ್ರ: ಇಲ್ಲಿ ಎಡಕ್ಕೆ ತಿರುಗಿ, ಅಲ್ಲಿ ಗೇಟು ದಾಟಿ, ಮುಂದೆ ಇಳಿಯಿರಿ. ಈ ಗುಡ್ಡಗಳಲ್ಲಿ ಒಂದು ಬೋರ್ಡನ್ನೂ ನೆಡಬಾರದೆಂದು ನಿಯಮವಿದೆ, ಕಲ್ಲಿಗೆ ಬಣ್ಣ ಹಚ್ಚಬಾರದು, ಮರಕ್ಕೆ ಮೊಳೆ ಹೊಡೆಯಬಾರದು. ಹಾಗಾಗಿ ಬಂದವರು ನಂಬಬೇಕಾದದ್ದು ಆ ಕಾಗದವನ್ನೇ. ಅವನು ಮೊದಲು ಬರೆದಾಗ ದಾರಿ ಹಳೇ ಕಾಡಿನಿಂದ ಶುರುವಾಗಿ, ಕಾಡು ಮುಗಿದ ಮೇಲೆ ಗುಡ್ಡಕ್ಕೆ ಹತ್ತಿ, ಹೂವಿನ ಮಧ್ಯೆ ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು. ಎರಡು ವರ್ಷ ಯಾರೂ ಒಂದು ಮಾತು ಆಡಲಿಲ್ಲ. ಆಮೇಲೆ ಒಂದು ದಿನ ಮೇಲಧಿಕಾರಿಗೆ ಜ್ಞಾನೋದಯವಾಯಿತು. "ಮೊದಲೇ ಕತ್ತಲೆ ಕಾಡಿಗೆ ನುಗ್ಗಿಸಿದರೆ ಯಾರ್ರೀ ಬರ್ತಾರೆ? ಜನಕ್ಕೆ ಮೊದಲು ಹೂವು ತೋರಿಸಬೇಕು. ತಿರುಗಿಸಿಬಿಡಿ." ತಿರುಗಿಸಿಬಿಡಿ ಎಂದರೆ ಇನ್ನೊಮ್ಮೆ ನಡೆಯಬೇಕು, ಆ ಕಡೆಯಿಂದ. ಅದು ಅವನಿಗೆ ಗೊತ್ತಿತ್ತು. ಆದರೆ ಆ ವಾರ ಅವನ ಹಿಮ್ಮಡಿ ನೋಯುತ್ತಿತ್ತು, ಹೊರಗೆ ಮೋಡ ಬೇರೆ ಕವಿದಿತ್ತು. ಊಟ ಮುಗಿಸಿ ಮೇಜಿನ ಮುಂದೆ ಕೂತ. ಎಡ ಇದ್ದಲ್ಲಿ ಬಲ, ಬಲ ಇದ್ದಲ್ಲಿ ಎಡ. ಹತ್ತಿ ಇದ್ದಲ್ಲಿ ಇಳಿಯಿರಿ. ಕೊನೆಯ ಸಾಲು ಮೊದಲು, ಮೊದಲ ಸಾಲು ಕೊನೆಗೆ. ನಾಲ್ಕು ಗಂಟೆಯ ಟೀ ಬರುವಷ್ಟರಲ್ಲಿ ಎಂಟು ಮೈಲಿಯ ದಾರಿ ಹಿಂದುಮುಂದಾಗಿತ್ತು. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದ್ದೀರಿ" ಎಂದು ಮೇಲಧಿಕಾರಿ ನಾಲ್ಕು ಜನರ ಎದುರಿಗೆ ಹೊಗಳಿದರು. ಅವನೂ ಹಿಗ್ಗಿದ. ಸಂಜೆ ಮನೆಗೆ ಹೋಗುವಾಗ ಅಕ್ಕನ ಮನೆಗೆ ನುಗ್ಗಿ ಆ ಹೊಗಳಿಕೆಯನ್ನು ಹೇಳಿಕೊಂಡಿದ್ದ ಕೂಡ. ಕೇಳಿಸಿಕೊಂಡ ಭಾವ, "ಅಚ್ಚಾದ ಕೂಡಲೇ ನನಗೊಂದು ತಂದುಕೊಡು, ಮೊದಲು ನಡೆಯೋನು ನಾನೇ" ಎಂದಿದ್ದರು.

"ಏನಪ್ಪಾ, ಹಿಂದೆ ಬಿದ್ದೆ?" ಭಾವ ನಿಂತು ಕೇಳಿದರು. "ಹಿಮ್ಮಡಿ ನೋವು ಇನ್ನೂ ಇದೆಯಾ?"

"ಇಲ್ಲ ಭಾವ, ಬಂದೆ."

ಇವರಿಗೆ ಮರೆವಂತೆ! ಒಂದು ವರ್ಷದ ಹಿಂದಿನ ಅವನ ಹಿಮ್ಮಡಿ ನೋವು ಇವರಿಗೆ ನೆನಪಿದೆ. ಅವನ ಹೆಂಡತಿಗೇ ನೆನಪಿಲ್ಲ. ಆದರೆ ಆಮೇಲೆ ಅವನಿಗೇ ಅನುಮಾನ ಬಂತು. ಹಳೆಯದು ನೆನಪಿರುತ್ತದೆ, ಹೊಸದು ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರಲ್ಲ? ಹಾಗಾದರೆ ಇದೂ ಆ ಕಾಯಿಲೆಯ ಲಕ್ಷಣವೇ ಇರಬಹುದಲ್ಲ? ಹೀಗೆ ಯೋಚಿಸಿದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು. ಈ ಹನ್ನೊಂದು ತಿಂಗಳಲ್ಲಿ ಅವನು ಅದನ್ನೇ ಮಾಡಿಕೊಂಡು ಬಂದಿದ್ದ. ಭಾವ ಚಮಚ ಎಲ್ಲೋ ಇಟ್ಟು ಹುಡುಕಿದರೆ, ನೆರೆಮನೆಯವರ ಹೆಸರಿಗೆ ತಡವರಿಸಿದರೆ, ಅವನಿಗೆ ಒಳಗೊಳಗೇ ಸಮಾಧಾನ. ನೋಡಿದೆಯಾ, ನಿಜವಾಗಿಯೂ ಮರೆವು ಇದೆ, ನನ್ನ ಕಾಗದದ್ದೇನೂ ತಪ್ಪಿಲ್ಲ. ಥೂ, ಎಂಥ ಬಾಳು! ಒಬ್ಬ ಮನುಷ್ಯನ ತಲೆ ಕೆಡಲಿ ಎಂದು ಕಾಯುತ್ತಾ ಕೂರುವುದು, ಅದೂ ತನ್ನನ್ನು ಕಾಲೇಜಿಗೆ ಸೇರಿಸಿದ ಮನುಷ್ಯನ ತಲೆ.

ಹಿಂದಿನಿಂದ ಗಂಡಹೆಂಡಿರಿಬ್ಬರು ಏದುಸಿರು ಬಿಡುತ್ತಾ ಬಂದರು. ಗಂಡನ ಮುಖ ಕೆಂಪಾಗಿತ್ತು, ಹೆಂಡತಿಯ ಕೈಯಲ್ಲಿ ಹಳದಿ ಕರಪತ್ರ. "ಈ ಕಡೆಯಿಂದ ಇನ್ನೂ ಎಷ್ಟು ದೂರ ಇದೆ ಸಾರ್? 'ಸುಲಭವಾದ ಏರು' ಅಂತ ಬರೆದಿದ್ದಾರೆ, ಇದು ಸುಲಭವಾ? ಇದನ್ನ ಬರೆದವನು ಜನ್ಮದಲ್ಲಿ ಈ ಕಡೆ ಕಾಲಿಟ್ಟಿಲ್ಲ ಅಂತೀನಿ ನಾನು" ಎಂದು ಗಂಡ ಸೊಂಟಕ್ಕೆ ಕೈ ಕೊಟ್ಟು ನಿಂತ. ಅವನು ಬೇರೆ ಕಡೆ ನೋಡತೊಡಗಿದ. ಅಷ್ಟರಲ್ಲಿ ಭಾವ, ಮಹರಾಯರು, ಎದೆಯುಬ್ಬಿಸಿ, "ಬರೆದವನು ಇವನೇ! ನನ್ನ ಹೆಂಡತಿಯ ತಮ್ಮ. ಒಂದೊಂದು ಹೆಜ್ಜೆ ನಡೆದು ಬರೆದಿದ್ದಾನೆ" ಎಂದುಬಿಟ್ಟರು. ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಗಂಡ ಅವನನ್ನು ಕಾಲಿಂದ ತಲೆಯವರೆಗೆ ಒಮ್ಮೆ ನೋಡಿ, "ಹೌದಾ, ನಿಮಗೆ ಅಭ್ಯಾಸ ಇದೆ, ನಿಮಗೆ ಸುಲಭ" ಎಂದು ನಕ್ಕು ನಡೆದುಹೋದ. ಅವನ ಕಿವಿ ಬಿಸಿಯಾಯಿತು. ಬೈದದ್ದಕ್ಕಲ್ಲ, ಬೈದವನ ಮಾತು ಅಕ್ಷರಶಃ ನಿಜವಾಗಿತ್ತಲ್ಲ, ಅದಕ್ಕೆ. ಭಾವ ಮಾತ್ರ ಸಿಟ್ಟಾಗಿದ್ದರು. "ಬಾಯಿಗೆ ಬಂದ ಹಾಗೆ ಮಾತಾಡ್ತಾರೆ ನೋಡು. ಕೆಲಸ ಮಾಡಿದವನಿಗೆ ಗೊತ್ತು ಅದರ ಕಷ್ಟ" ಎಂದು ಬಹಳ ದೂರದವರೆಗೆ ಗೊಣಗುತ್ತಾ ಹೋದರು.

ಭಾವ ಗಡಿಯಾರ ರಿಪೇರಿಯವರು. ನಲವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಜನ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಮೇಜು, ಗೋಡೆಯ ತುಂಬ ಬೇರೆಬೇರೆ ಹೊತ್ತು ತೋರಿಸುವ ಗಡಿಯಾರ. ಸರಿಯಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ಭಾವ ತಮ್ಮ ಮಣಿಕಟ್ಟು ಎತ್ತಿ ತೋರಿಸುತ್ತಿದ್ದರು. ಅಂಥವರು ಹೋದ ವರ್ಷ ಇದೇ ಹೂವಿನ ಕಾಲದಲ್ಲಿ ಒಬ್ಬರೇ ಈ ಸುತ್ತುದಾರಿಗೆ ಬಂದರು, ಹೊಸ ಕರಪತ್ರ ಹಿಡಿದು. ಮಧ್ಯಾಹ್ನ ಎರಡಕ್ಕೆ ಮುಗಿಯಬೇಕಾದದ್ದು. ಸಂಜೆ ಹೊತ್ತಿಗೆ ಅವರು ಸಿಕ್ಕಿದ್ದು ಹನ್ನೆರಡು ಮೈಲಿ ಆಚೆ, ಬೇರೆಯೇ ಕಣಿವೆಯಲ್ಲಿ, ಕಲ್ಲು ಒಡೆಯುವ ಜಾಗದ ರಸ್ತೆಯ ಪಕ್ಕ. ಮೈ ಒದ್ದೆ, ಒಂದು ಕಾಲಿನ ಶೂ ಇಲ್ಲ, ಕೈಯಲ್ಲಿದ್ದ ಕರಪತ್ರವೂ ಇಲ್ಲ. ಲಾರಿಯವನು ನಿಲ್ಲಿಸಿ ಮನೆ ಎಲ್ಲಿ ಎಂದು ಕೇಳಿದರೆ ಭಾವನಿಗೆ ಬಾಯಿ ಬರಲಿಲ್ಲವಂತೆ. ಬರೀ "ನೇರ ಹೋದೆ, ನೇರ ಹೋದೆ" ಎನ್ನುತ್ತಿದ್ದರಂತೆ. ಅಲ್ಲಿಗೆ ಮುಗಿಯಿತು. ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಕಾರಿನ ಕೀ ಅವಳ ಕೈಗೆ ಬಂತು, ಮನೆ ಕೀ ಬಂತು. ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿತು. ಅವತ್ತೇ, ಆ ವಾರವೇ, ಅವನಿಗೊಂದು ಅನುಮಾನ ಹುಟ್ಟಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಅನುಮಾನ ತಾನೇ, ಅನುಮಾನವನ್ನು ಯಾರು ಹೇಳಿಕೊಳ್ಳುತ್ತಾರೆ?

ಗುಡ್ಡದ ನೆತ್ತಿಯಲ್ಲಿ ಕೂತು ಬಾಟಲಿಯ ನೀರು ಕುಡಿದರು. ಗಾಳಿ ಬೀಸುತ್ತಿತ್ತು, ಕೆಳಗೆ ದೂರದಲ್ಲಿ ಹಳೇ ಕಾಡು ಕಪ್ಪಗೆ ಕಾಣುತ್ತಿತ್ತು. ಭಾವ ಇದ್ದಕ್ಕಿದ್ದ ಹಾಗೆ ನಗತೊಡಗಿದರು.

"ಆ ಡಾಕ್ಟರು ನನಗೆ ಏನು ಮಾಡೋಕೆ ಹೇಳಿದ ಗೊತ್ತಾ? ಒಂದು ಗಡಿಯಾರ ಬರೀರಿ ಅಂದ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದ. ನನಗೆ!"

"ಅಕ್ಕ ಹೇಳಿದಳು."

"ನಾನು ಕೇಳಿದೆ, ಯಾವ ಗಡಿಯಾರ? ಗೋಡೇದಾ, ಕೈದಾ, ಕೀ ಕೊಡೋದಾ, ಸೆಲ್ಲಿನದಾ? ಯಾವುದಾದರೂ ಸರಿ ಅಂದ. ಯಾವುದಾದರೂ ಸರಿ ಅಂದರೆ ಹೇಗೆ? ಅದಕ್ಕೆ ಹಿಂದಿನ ಮುಚ್ಚಳ ತೆಗೆದ ಹಾಗೆ ಬರೆದೆ. ಒಳಗಿನ ಚಕ್ರ, ಸ್ಪ್ರಿಂಗು, ಹಲ್ಲು, ಎಲ್ಲ. ಇಪ್ಪತ್ತು ನಿಮಿಷ ತಗೊಂಡೆ. ಅವನು ನೋಡಿ, ಹೇಳಿದ್ದನ್ನ ಮಾಡಲಾಗಲಿಲ್ಲ, ಮುಳ್ಳು ಇಲ್ಲ, ಅಂಕಿ ಇಲ್ಲ ಅಂತ ಬರೆದುಕೊಂಡ. ಹಿಂದಿನಿಂದ ನೋಡಿದರೆ ಮುಳ್ಳು ಎಲ್ಲಿ ಕಾಣತ್ತೆ?"

ಅವನಿಗೂ ನಗು ಬಂತು, ತಡೆಯಲಾಗಲಿಲ್ಲ. ಇಬ್ಬರೂ ಕೆಮ್ಮುವಷ್ಟು ನಕ್ಕರು. ನಗು ನಿಂತ ಮೇಲೆ ಭಾವ ಬಾಟಲಿಯ ಮುಚ್ಚಳವನ್ನು ಎರಡು ಸಲ ಬಿಗಿ ಮಾಡಿ, ಬಿಗಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿದರು. "ಆದರೆ ಅವನು ಹೇಳೋದೂ ಸರಿ ಇರಬಹುದು ಕಣೋ" ಎಂದರು ಮೆತ್ತಗೆ. "ಗಡಿಯಾರ ಸರಿ ಬರೆದೆ ಅಂತ ನನಗೆ ಅನ್ನಿಸ್ತು. ಅವತ್ತು ದಾರೀನೂ ಸರಿ ಹಿಡಿದೆ ಅಂತ ನನಗೆ ಅನ್ನಿಸಿತ್ತು. ಕೆಟ್ಟ ಗಡಿಯಾರಕ್ಕೆ ತಾನು ಕೆಟ್ಟಿದ್ದೀನಿ ಅಂತ ಎಲ್ಲಿ ಗೊತ್ತಿರತ್ತೆ? ಅದು ಪಾಪ ಓಡ್ತಾ ಇರತ್ತೆ. ಅದಕ್ಕೇ ಇವತ್ತು ಬಂದೆ. ಆ ಜಾಗ ಒಂದು ಸಲ ನೋಡಬೇಕು. ಎಲ್ಲಿ ತಪ್ಪಿದೆ ಅಂತ ಕಂಡರೆ, ಇವರು ಹೇಳೋದನ್ನ ಒಪ್ಪಿಕೊಂಡು ಸುಮ್ಮನಾಗ್ತೀನಿ. ಮುಂದಿನ ವಾರ ಆ ಇನ್ನೊಬ್ಬ ದೊಡ್ಡ ಡಾಕ್ಟರ ಹತ್ರ ಮಾತ್ರೆ ಶುರು ಮಾಡ್ತಾರಂತೆ. ಶುರು ಮಾಡಲಿ."

ಅವನು ಬಾಯಿ ತೆರೆದ. ಗಾಳಿ ಬಾಯೊಳಗೆ ಹೋಯಿತು. ಮುಚ್ಚಿಕೊಂಡ. ಹೇಳಬೇಕಾದದ್ದು ಇಷ್ಟೇ ಇತ್ತು: ಕಚೇರಿಗೆ ಎರಡು ಕಾಗದ ಬಂದಿದ್ದವು. ಭಾವ ದಾರಿ ತಪ್ಪಿದ ಮರು ತಿಂಗಳು, ಒಂದು ಬಾಲವಾಡಿಯ ಟೀಚರಿಂದ, ಇನ್ನೊಂದು ಯಾರೋ ಅಣ್ಣತಮ್ಮಂದಿರಿಂದ. ಇಬ್ಬರೂ ಒಂದೇ ಮಾತು ಬರೆದಿದ್ದರು. ಕಾಡಿನ ಅಂಚಿನಲ್ಲಿ ದಾರಿ ಎರಡಾಗುತ್ತದೆ, ನಿಮ್ಮ ಕರಪತ್ರದಲ್ಲಿ ಆ ಕವಲೇ ಇಲ್ಲ, ನೇರ ಹೋಗಿ ಎಂದಿದೆ, ನಾವು ನೇರ ಹೋಗಿ ಕಷ್ಟಪಟ್ಟೆವು. ಕವಲು? ಅಲ್ಲಿ ಕವಲು ಎಲ್ಲಿತ್ತು? ಅವನು ಆ ದಾರಿಯಲ್ಲಿ ಕಾಡಿನ ಕಡೆಯಿಂದ ಬಂದವನು. ಅಲ್ಲೊಂದು ಅಗಲ ದಾರಿ ಅವನ ಬೆನ್ನ ಹಿಂದಿನಿಂದ ಬಂದು ಸದ್ದಿಲ್ಲದೆ ಸೇರಿಕೊಂಡಿರಬೇಕು. ಹೋಗುವವನಿಗೆ ಹಿಂದಿನಿಂದ ಬಂದು ಸೇರಿದ್ದು ಕಾಣುವುದಿಲ್ಲ. ತಿರುಗಿ ಬರುವವನಿಗೆ ಮಾತ್ರ ಅಲ್ಲಿ ಎರಡು ಬಾಯಿ ತೆರೆದುಕೊಂಡಿರುತ್ತದೆ. ಇಷ್ಟೂ ಅವನಿಗೆ ಕುರ್ಚಿಯಲ್ಲಿ ಕೂತೇ ಅರ್ಥವಾಯಿತು. ಆಮೇಲೆ ಅವನು ಮಾಡಿದ್ದೇನು? ಕಾಗದ ಎರಡನ್ನೂ ಡ್ರಾಯರಿನ ತಳಕ್ಕೆ ಹಾಕಿದ. ಮುಂದಿನ ಮುದ್ರಣಕ್ಕೆ ಒಂದು ಸಾಲು ಸೇರಿಸಿದ. 'ಕಾಡಿನ ಅಂಚಿನ ಕವಲಿನಲ್ಲಿ ಬಲಗಡೆಯ ಕಿರಿದಾದ ದಾರಿ ಹಿಡಿಯಿರಿ.' ಯಾರೂ ಗಮನಿಸಲಿಲ್ಲ. ತಿದ್ದಿದೆ, ಇನ್ನು ಯಾರೂ ತಪ್ಪುವುದಿಲ್ಲ ಎಂದು ಕೈ ತೊಳೆದುಕೊಂಡ. ನಾಳೆ ಅಕ್ಕನಿಗೆ ಹೇಳೋಣ, ಭಾನುವಾರ ಹೇಳೋಣ, ಡಾಕ್ಟರು ಏನೂ ಇಲ್ಲ ಎಂದರೆ ಹೇಳುವುದೇ ಬೇಡವಲ್ಲ ಎಂದುಕೊಂಡ. ಡಾಕ್ಟರು ಇದೆ ಎಂದರು. ಇದೆ ಎಂದಮೇಲೆ ಇವನು ಹೇಳಿ ಏನು ಪ್ರಯೋಜನ? ಐದನೇ ತಿಂಗಳಲ್ಲಿ ಭಾವ ಅಂಗಡಿ ಮುಚ್ಚಿದರು. ಗಿರಾಕಿಗಳ ಗಡಿಯಾರ ಅದಲು ಬದಲಾದರೆ ಮರ್ಯಾದೆ ಹೋಗುತ್ತದೆ ಎಂದು ಅವರೇ ಹೇಳಿದರಂತೆ. ಸಾಮಾನು ಕಟ್ಟಲು ಅವನೂ ಹೋಗಿದ್ದ. ಗೋಡೆಯಿಂದ ಗಡಿಯಾರಗಳನ್ನು ಇಳಿಸುವಾಗ ಒಂದೊಂದೂ ಅವನ ಕೈಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಭಾವ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಯಾವುದು ಯಾರದು ಎಂದು ಒಂದೂ ತಪ್ಪಿಲ್ಲದೆ ಹೇಳುತ್ತಿದ್ದರು.

ನೆತ್ತಿಯಿಂದ ಇಳಿಜಾರು. ಹೂವು ತೆಳ್ಳಗಾಗುತ್ತಾ ಬಂತು, ಜರೀಗಿಡ ಶುರುವಾಯಿತು, ಮಣ್ಣು ಮೆತ್ತಗಾಯಿತು. ಮರಗಳು ಒಂದೊಂದೇ ಬಂದು, ಆಮೇಲೆ ಒಟ್ಟಿಗೇ ಬಂದು ನಿಂತವು. ದಪ್ಪ ಕಾಂಡ, ಮೈತುಂಬ ಪಾಚಿ, ನೆಲಕ್ಕೆ ಮೊಣಕೈ ಊರಿಕೊಂಡಂಥ ಕೊಂಬೆಗಳು. ಅವನ ಕಾಲು ತಾನಾಗಿಯೇ ನಿಧಾನವಾಯಿತು. ಒಂದು ವೇಳೆ ಅಲ್ಲಿ ಕವಲೇ ಇಲ್ಲದಿದ್ದರೆ? ಕಾಗದ ಬರೆದವರು ಬೇರೆ ಯಾವುದೋ ಜಾಗದ ಬಗ್ಗೆ ಹೇಳಿರಬಹುದು. ಹಾಗಾದರೆ ಭಾವನಿಗೆ ನಿಜವಾಗಿಯೂ ಕಾಯಿಲೆ, ತಾನು ಬರೀ ಹೇಡಿ, ಅಪರಾಧಿಯಲ್ಲ. ಹಾಗಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆಯೇ? ಹೌದು, ಬೇಡಿಕೊಳ್ಳುತ್ತಿದ್ದ. ಹಾಗಾಗದಿರಲಿ ಎಂದೂ ಬೇಡಿಕೊಳ್ಳುತ್ತಿದ್ದ. ಯಾವುದು ಗಟ್ಟಿ ಎಂದು ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಭಾವ ನಿಂತುಬಿಟ್ಟರು.

ಕವಲು ಇತ್ತು. ಅಗಲವಾದ, ತುಳಿದು ತುಳಿದು ಗಟ್ಟಿಯಾದ ದಾರಿ ನೇರ ಮುಂದಕ್ಕೆ ಹೋಗುತ್ತಿತ್ತು. ಬಲಗಡೆ, ಒಂದು ದೊಡ್ಡ ಬಂಡೆಯ ಮಗ್ಗುಲಲ್ಲಿ, ಒಬ್ಬರು ಹೋಗುವಷ್ಟು ಸಣ್ಣ ದಾರಿ ಮರಗಳ ಕೆಳಗೆ ನುಸುಳಿತ್ತು. ಯಾರನ್ನಾದರೂ ಕಣ್ಣು ಕಟ್ಟಿ ತಂದು ನಿಲ್ಲಿಸಿ ಬಿಚ್ಚಿದರೂ ಅಗಲ ದಾರಿಯಲ್ಲೇ ಹೋಗುತ್ತಾರೆ.

"ಇಲ್ಲೇ" ಎಂದರು ಭಾವ. "ನಾನು ಇಲ್ಲಿ ನಿಂತೆ. ಕರಪತ್ರ ತೆಗೆದೆ. ಓದಿದೆ. ನೇರ ಮುಂದುವರಿಯಿರಿ ಅಂತಿತ್ತು. ನೇರ ಹೋದೆ." ಈಗಲೂ ಕರಪತ್ರ ಬಿಡಿಸಿದರು. ಇವತ್ತು ಬೆಳಿಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ಅಕ್ಕ ಕರಪತ್ರದ ಪೆಟ್ಟಿಗೆಯಿಂದ ತೆಗೆದುಕೊಟ್ಟ ಹೊಸ ಪ್ರತಿ. ಅವಳು ಅಲ್ಲೇ ಕಾರಿನಲ್ಲಿ ಕಾದು ಕೂತಿದ್ದಳು. ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದರು. ಬೆರಳು ಒಂದು ಕಡೆ ನಿಂತಿತು. ತುಟಿ ಅಲುಗಿತು. ಕಣ್ಣನ್ನು ಕಾಗದದ ಹತ್ತಿರ ತಂದು ಮತ್ತೆ ಓದಿದರು, ಆಮೇಲೆ ದೂರ ಹಿಡಿದು ಓದಿದರು. ಅವರ ಮುಖದಿಂದ ಏನೋ ಇಳಿದುಹೋಯಿತು.

"ಇಲ್ಲೇ ಬರೆದಿದೆಯಲ್ಲಪ್ಪ. ಬಲಗಡೆಯ ಕಿರಿದಾದ ದಾರಿ. ಇಷ್ಟು ದಪ್ಪಕ್ಷರದಲ್ಲಿ ಬರೆದಿದೆ." ಭಾವ ಬಂಡೆಗೆ ಒರಗಿದರು. "ನಾನು ಇದನ್ನ ಓದಿಯೂ ನೇರ ಹೋಗಿದ್ದೀನಿ. ಅಥವಾ ಓದೇ ಇಲ್ಲ, ಓದಿದೆ ಅಂದುಕೊಂಡಿದ್ದೀನಿ. ಹನ್ನೊಂದು ತಿಂಗಳು ನಿಮ್ಮಕ್ಕನ ಜೊತೆ ಜಗಳ ಆಡಿದೆನಲ್ಲೋ, ಬರೆದಿರಲಿಲ್ಲ ಬರೆದಿರಲಿಲ್ಲ ಅಂತ. ಮುಗೀತು ಬಿಡು. ನಡಿ, ಮನೆಗೆ ಹೋಗೋಣ."

ತಪ್ಪು ಮಾಡಿದಾಗ ಇಷ್ಟು ಕೆಟ್ಟದ್ದಾಗಿರಲಿಲ್ಲ. ತಿದ್ದಿದ್ದು ಈ ಮನುಷ್ಯನನ್ನು ಮುಗಿಸಿತು. ಆ ಸಾಲನ್ನು ಬರೆದಾಗ ತಾನು ಎಷ್ಟು ನಿಶ್ಚಿಂತೆಯಿಂದ ಪೆನ್ನಿನ ಮುಚ್ಚಳ ಹಾಕಿದ್ದೆ ಎಂದು ಅವನಿಗೆ ನೆನಪಾಯಿತು.

"ಆ ಸಾಲು ಇರಲಿಲ್ಲ ಭಾವ. ಆಮೇಲೆ ನಾನು ಸೇರಿಸಿದ್ದು."

ಭಾವ ಅವನ ಮುಖ ನೋಡಿದರು. ನಕ್ಕರು, ಬಹಳ ಪ್ರೀತಿಯಿಂದ. "ನಿಮ್ಮಕ್ಕ ಹೇಳಿಕೊಟ್ಟಳಾ?"

"ಇಲ್ಲ, ದೇವರಾಣೆಗೂ ಇಲ್ಲ. ನೀವು ಓದಿದ್ದರಲ್ಲಿ ನೇರ ಅಂತಲೇ ಇತ್ತು. ನಾನು ಈ ಕಡೆಯಿಂದ ನಡೆದೇ ಇಲ್ಲ. ಆ ಕಡೆಯಿಂದ ನಡೆದದ್ದನ್ನ ಮೇಜಿನ ಮೇಲೆ ತಿರುಗಿಸಿ ಬರೆದೆ. ಎಡಕ್ಕೆ ಬಲ, ಬಲಕ್ಕೆ ಎಡ, ಅಷ್ಟೇ. ಈ ಕವಲನ್ನ ನಾನು ಇವತ್ತೇ ನೋಡ್ತಿರೋದು."

"ನಡೆದೇ ಇಲ್ಲವಾ?" ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿ ಗಡಿಯಾರ ಕೆಳಗೆ ಬೀಳಿಸಿದೆ ಎಂದು ಒಪ್ಪಿಕೊಂಡಾಗ, ಹಾಗಾದರೆ ಕೆಟ್ಟಿರುವುದು ಎಲ್ಲಿ ಎಂದು ಹುಡುಕಲು ಹೊರಡುವ ಧ್ವನಿ ಅದು. ಭಾವ ಕೋಲನ್ನು ಬಂಡೆಗೆ ಒರಗಿಸಿ ಬಲಗಡೆಯ ಸಣ್ಣ ದಾರಿಯಲ್ಲಿ ಕಾಡಿನೊಳಕ್ಕೆ ಐವತ್ತು ಹೆಜ್ಜೆ ಹೋದರು. ಅಲ್ಲಿಂದ ತಿರುಗಿ, ಈಗ ತಾನೇ ಬಂದ ಹೊಸಬರ ಹಾಗೆ ಅತ್ತಿತ್ತ ನೋಡುತ್ತಾ ವಾಪಸು ಬಂದರು, ಬಂಡೆ ದಾಟಿ ಗುಡ್ಡದ ಕಡೆ ಸ್ವಲ್ಪ ದೂರ ಹೋದರು. ಮತ್ತೆ ಕಾಡಿಗೆ ಹೋದರು. ಮತ್ತೆ ಬಂದರು. ಮೂರನೆಯ ಸಲ ಬಂಡೆಯ ಹತ್ತಿರ ನಿಂತು ಚಪ್ಪಾಳೆ ತಟ್ಟಿದರು.

"ಕಾಣೋದೇ ಇಲ್ಲ ಕಣೋ! ಈ ಬಂಡೆ ಮರೆ ಮಾಡತ್ತೆ. ಅಗಲ ದಾರಿ ಬೆನ್ನ ಹಿಂದೆ ಬಂದು ಸೇರತ್ತೆ. ಆ ಕಡೆಯಿಂದ ಬಂದವನಿಗೆ ಒಂದೇ ದಾರಿ, ಈ ಕಡೆಯಿಂದ ಬಂದವನಿಗೆ ಎರಡು. ನಾನು ಸರಿಯಾಗೇ ಓದಿದ್ದೆ! ಓದಿದ ಹಾಗೇ ನಡೆದಿದ್ದೆ! ತಲೆ ಸರಿ ಇದೆ ಕಣೋ ನಂದು, ತಲೆ ಸರಿ ಇದೆ!" ಭಾವ ಅವನ ಎರಡೂ ಭುಜ ಹಿಡಿದು ಅಲುಗಿಸಿದರು. ಕಣ್ಣಲ್ಲಿ ನೀರು ಬಂದಿತ್ತು. 'ಆಮೇಲೆ' ಎಂದರೆ ಯಾವಾಗ ಎಂದು ಅವರು ಕೇಳಲಿಲ್ಲ. ಅಷ್ಟು ಸಂತೋಷದಲ್ಲಿರುವ ಮನುಷ್ಯ ತಾರೀಕು ಕೇಳುವುದಿಲ್ಲ. ಕೇಳಲಿಲ್ಲವಲ್ಲ ಎಂದು ಅವನಿಗೆ ಎಷ್ಟು ಹಾಯೆನಿಸಿತೆಂದರೆ, ಅವನೂ ಅಳುತ್ತಾ ನಗತೊಡಗಿದ. ಇಷ್ಟೇ ಸುಲಭವಿತ್ತೇ? ಇಷ್ಟಕ್ಕೆ ಇಷ್ಟು ದಿನ ನಿದ್ದೆಗೆಟ್ಟೆನೇ? "ಫೋನು ಕೊಡು, ಅವಳಿಗೆ ಹೇಳಬೇಕು" ಎಂದು ಭಾವ ಅವನ ಜೇಬಿನಿಂದ ತಾವೇ ಫೋನು ಕಿತ್ತುಕೊಂಡರು.

"ಏನೇ, ಕೇಳಿಸ್ತಾ? ತಪ್ಪು ನನ್ನದಲ್ಲ ಕಣೇ, ಕಾಗದದ್ದು! ನಿನ್ನ ತಮ್ಮನೇ ಹೇಳ್ತಿದ್ದಾನೆ ಕೇಳು, ತಗೋ."

ಫೋನು ಅವನ ಕಿವಿಗೆ ಬಂತು. ಅಕ್ಕ ಅಳುತ್ತಾ ಮೂಗು ಸೆಳೆದುಕೊಳ್ಳುವ ಸದ್ದು. "ಬಂಗಾರದಂಥ ಕೆಲಸ ಮಾಡಿದೆ ಕಣ್ಲಾ" ಎಂದಳು ಪಿಸುದನಿಯಲ್ಲಿ. "ಇವರ ಈ ದನಿ ಕೇಳಿ ವರ್ಷ ಆಗ್ತಾ ಬಂತು. ಏನು ಸುಳ್ಳು ಹೇಳಿದ್ದೀಯೋ, ಮನೆಗೆ ಹೋದ ಮೇಲೂ ಅದನ್ನೇ ಹೇಳು. ಮಾತ್ರೆ ಶುರುವಾಗೋವರೆಗೆ ಹೀಗೇ ಖುಷಿಯಾಗಿರಲಿ."

"ಸುಳ್ಳಲ್ಲ ಅಕ್ಕ. ತಪ್ಪು ನಿಜವಾಗ್ಲೂ ಕರಪತ್ರದ್ದೇ."

"ಆಯ್ತು ಆಯ್ತು, ಸುಳ್ಳಲ್ಲ." ಮಕ್ಕಳಿಗೆ ಹೇಳುವ ರಾಗ. "ನಿಂದೇ ತಪ್ಪಾಗಿದ್ರೆ ಅವತ್ತೇ ಓಡಿ ಬಂದು ಹೇಳ್ತಿರಲಿಲ್ವಾ? ಇವರನ್ನ ಹೀಗೆ ನೋಡಿಕೊಂಡು ಸುಮ್ಮನಿರ್ತಿದ್ದೆಯಾ? ನನ್ನ ತಮ್ಮ ನನಗೆ ಗೊತ್ತಿಲ್ವಾ?"

ಭಾವ ಎರಡು ಹೆಜ್ಜೆ ಆಚೆ ನಿಂತು, ಕೆನ್ನೆ ಒರೆಸಿಕೊಂಡು, ಹೇಳು ಹೇಳು ಎಂದು ಕೈಸನ್ನೆ ಮಾಡುತ್ತಿದ್ದರು. ಅಕ್ಕ ಅವನನ್ನು ನಂಬಿದ್ದಾಳೆ. ತಮ್ಮ ಇಂಥದ್ದನ್ನು ಬಚ್ಚಿಡುವವನಲ್ಲ ಎಂದು ಅವಳು ನಂಬಿರುವವರೆಗೆ ಈ ಮನುಷ್ಯನಿಗೆ ಮಾತ್ರೆ ತಪ್ಪಿದ್ದಲ್ಲ. ಹೂಂ ಎಂದುಬಿಟ್ಟರೆ ಇವತ್ತು ಮೂರು ಜನರೂ ನಗುತ್ತಾ ಮನೆಗೆ ಹೋಗಬಹುದು. ಒಂದು ಹೂಂ. ಅದು ಅವನ ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿತ್ತು ಅಕ್ಕ. ಎರಡನೇ ತಿಂಗಳಲ್ಲೇ ಗೊತ್ತಿತ್ತು ನನಗೆ. ಅದೇ ಜಾಗದಲ್ಲಿ ಬೇರೆಯವರೂ ದಾರಿ ತಪ್ಪಿ ಕಾಗದ ಬರೆದಿದ್ದರು. ನಾನು ಬಚ್ಚಿಟ್ಟೆ. ಹೇಳಲಿಲ್ಲ."

ಭಾವನ ಕೈಸನ್ನೆ ಅರ್ಧಕ್ಕೆ ನಿಂತಿತ್ತು.

"ಎರಡನೇ ತಿಂಗಳು" ಎಂದರು ಭಾವ. ಲೆಕ್ಕ ಸರಿಯಾಗಿದೆಯೇ ಎಂದು ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಅಂಗಡಿ ಮುಚ್ಚಿದ್ದು ಐದನೇ ತಿಂಗಳು."

"ಹೌದು ಭಾವ."

"ನೀನು ಬಂದಿದ್ದೆ. ಗಡಿಯಾರ ಎಲ್ಲ ನೀನೇ ಇಳಿಸಿದೆ."

"ಹೌದು."

ಭಾವ ಬಂದು ಅವನ ಕೈಯಿಂದ ಫೋನು ತೆಗೆದುಕೊಂಡರು. ಒಳಗಿನಿಂದ ಅಕ್ಕನ "ಹಲೋ, ಏನಂದೆ, ಹಲೋ" ಕೇಳುತ್ತಲೇ ಇತ್ತು. "ನಾನೇ ಕಣೇ" ಎಂದರು. "ಒಂದೂವರೆ ಗಂಟೇಲಿ ಬರ್ತೀನಿ. ದಾರಿ ಗೊತ್ತು ನನಗೆ. ಇವನ ವಿಷಯ ನನಗೆ ಗೊತ್ತಿಲ್ಲ." ಫೋನು ಆರಿಸಿ, ಅವನ ಅಂಗೈಯಲ್ಲಿಟ್ಟು, ರಿಪೇರಿಯಾದದ್ದನ್ನು ಗಿರಾಕಿಗೆ ಒಪ್ಪಿಸುವ ಹಾಗೆ ಜೋಪಾನವಾಗಿ ಬೆರಳು ಮಡಿಸಿದರು. ಕೋಲು ತೆಗೆದುಕೊಂಡು ಬಲಗಡೆಯ ಸಣ್ಣ ದಾರಿ ಹಿಡಿದು ಹೊರಟುಹೋದರು.

ಅವನು ನಿಂತೇ ಇದ್ದ. ಹಿಂದೆ ಹೋದರೆ ಕ್ಷಮಿಸಿ ಎಂದು ಪೀಡಿಸಲು ಹೋದ ಹಾಗಾಗುತ್ತದೆ. ಹೋಗದಿದ್ದರೆ ಕಾಡಿನಲ್ಲಿ ಒಬ್ಬರನ್ನೇ ಬಿಟ್ಟ ಹಾಗಾಗುತ್ತದೆ. ಕರೆಯೋಣವೆಂದರೆ ಕರೆದು ಹೇಳುವುದೇನು? ಸ್ವಲ್ಪ ಹೊತ್ತು ಕೋಟು ಕಾಂಡಗಳ ನಡುವೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಕೈಯಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಎತ್ತಿದ. ಅಕ್ಕ ಬೈಯುತ್ತಾಳೆಂದು ಕಾದ. ಬೈದರೆ ಸಾಕೆಂದು ಕಾದ.

"ಅವರು ಒಬ್ಬರೇ ಬರ್ತಿದ್ದಾರಾ?" ಎಂದಳು.

"ಹೌದು ಅಕ್ಕ. ನಾನು ಓಡಿ ಹೋಗಿ ಹಿಡೀತೀನಿ, ಈಗಲೇ..."

"ಬೇಡ. ಬರಲಿ ಬಿಡು" ಎಂದು ಅಕ್ಕ ಫೋನಿಟ್ಟಳು.